ಬಾಗಿಲು ಹಾಕಿದರೆ ಎಷ್ಟು ದಿನ?

ಈ ಉಪನ್ಯಾಸ ಮಾಲೆಯಲ್ಲಿ ಹೋದ ತಿಂಗಳು ವಚನಗಳ ಬಗ್ಗೆ ಮಾತಾಡಿದರು, ಮುಂದಿನ ತಿಂಗಳು ಯಕ್ಷಗಾನವಂತೆ. ನಡುವೆ ಲೆಕ್ಕ ಬರೆಯುವವನನ್ನು ಯಾಕೆ ಕರೆದರೋ! ನಲವತ್ತು ವರ್ಷ ಸಣ್ಣ ಅಂಗಡಿ, ಹೋಟೆಲು, ವರ್ಕ್‌ಶಾಪುಗಳ ಪುಸ್ತಕ ಬರೆದವನು ನಾನು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

2020ರ ಫೆಬ್ರವರಿ. ನಾನು ಲೆಕ್ಕ ನೋಡುವ ದರ್ಶಿನಿಯೊಂದರ ಮಾಲೀಕರು ಎರಡನೇ ಬ್ರಾಂಚಿಗೆ ಜಾಗ ನೋಡಿಟ್ಟಿದ್ದರು. ಗಲ್ಲಾದಲ್ಲಿ ಕೂತು, ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಲೇ, "ರಾಯರೇ, ಅಡ್ವಾನ್ಸ್ ಕೊಟ್ಟುಬಿಡಲಾ?" ಅಂದರು. "ಇವತ್ತು ಬಾಗಿಲು ಹಾಕಿದರೆ ಎಷ್ಟು ದಿನ ತಡೀತೀರಿ, ಯಜಮಾನ್ರೇ?" ಅಂದೆ. "ಆರು ತಿಂಗಳು ಆರಾಮ" ಅಂದರು.

ಹಳೇ ಬಿಲ್ಲೊಂದರ ಹಿಂದೆ ಬರೆದೆವು. ಬಾಡಿಗೆ 45,000. ಐದು ಜನರ ಸಂಬಳ 90,000. ಸಾಲದ ಕಂತು 18,000. ಕರೆಂಟು, ನೀರು, ಚಿಲ್ಲರೆ ಖರ್ಚು 12,000. ಒಟ್ಟು 1,65,000. ಅಂದರೆ ಒಂದು ಇಡ್ಲಿ ಮಾರದಿದ್ದರೂ ದಿನಕ್ಕೆ 5,500 ರೂಪಾಯಿ ಹೋಗುತ್ತದೆ. ಬ್ಯಾಂಕಿನಲ್ಲೂ ಗಲ್ಲಾದಲ್ಲೂ ಸೇರಿ ಇದ್ದದ್ದು 2,20,000. ಭಾಗಿಸಿದರೆ 40 ದಿನ. ಅಡ್ವಾನ್ಸಿಗೆ ಅಂತ ಅವರು ಮನಸ್ಸಿನಲ್ಲಿ ಎತ್ತಿಟ್ಟಿದ್ದೂ ಇದೇ ದುಡ್ಡು! ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು.

ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಹೋಟೆಲಿನೊಳಗೆ ನಿಂತು ತಿನ್ನಲು ಬಿಟ್ಟದ್ದು ಜೂನ್ 8ಕ್ಕೆ. 75 ದಿನ. ಪಾರ್ಸಲ್‌ಗೆ ಅನುಮತಿ ಇತ್ತು, ನಿಜ. ಆದರೆ ಆಫೀಸುಗಳೇ ಮುಚ್ಚಿದ ಬೀದಿಯಲ್ಲಿ ಪಾರ್ಸಲ್ ಕೇಳುವವರು ಯಾರು?

ನನಗೇನು ಕೊರೊನಾ ಬರುತ್ತದೆಂದು ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ನಾನು ಎಲ್ಲರನ್ನೂ ಕೇಳುತ್ತಿದ್ದೆ, ಬಾಯಿಚಟ. ಮುಂದೇನಾಗುತ್ತದೆಂದು ತಿಳಿಯುವುದೇ ಯೋಜನೆ ಅಂದುಕೊಂಡವರು ಜೋಯಿಸರ ಹತ್ತಿರ ಹೋಗುವುದು ವಾಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ; ಟೇಪು ಹಿಡಿದು ಹಾಸಿಗೆ ಅಳೆದವರನ್ನು ನಾನು ಕಂಡದ್ದು ಕಡಿಮೆ.

ಇನ್ನು ನಿಮಗೆಲ್ಲ ಗೊತ್ತಿರುವ ಒಂದು ಹೋಟೆಲಿನ ಕಥೆ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಕಾಫಿ ಕ್ಲಬ್ ತೆಗೆದರು. 1960ರಲ್ಲಿ ಅದು ಲಾಲ್‌ಬಾಗ್ ರಸ್ತೆಯಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ತತ್ವಾರ ಬಂದ ಆ ಕಾಲದಲ್ಲೇ ರವೆಯಿಂದ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ.

ನನಗೆ ಹೆಚ್ಚು ಹಿಡಿಸುವುದು ಅವರ ಎರಡನೇ ಕಷ್ಟದ ಕಥೆ. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಬೆಲೆ ಕಟ್ಟಿತು, ತೀರಾ ಕಡಿಮೆ ಬೆಲೆ. ಅಂಥ ಹೊತ್ತಿನಲ್ಲಿ ಹೋಟೆಲಿನವನಿಗೆ ಕಾಣುವ ದಾರಿ ನಿಮಗೂ ಗೊತ್ತು: ತುಪ್ಪದ ಜಾಗಕ್ಕೆ ಡಾಲ್ಡಾ, ಗಟ್ಟಿ ಚಟ್ನಿಗೆ ಇನ್ನೊಂದು ಚೊಂಬು ನೀರು. ಅವರು ಆ ದಾರಿ ಹಿಡಿಯಲಿಲ್ಲ. ಹೋಟೆಲ್ ಮುಚ್ಚಿದರು, ಮಸಾಲೆ ಪುಡಿ, ಇಡ್ಲಿ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಮುಂದೆ ಹೋಟೆಲ್ ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲ್ ಮಾತ್ರ ಮಯ್ಯ ಕುಟುಂಬದಲ್ಲೇ ಉಳಿಯಿತು.

ಇದನ್ನು ಸಾಹಸದ ಕಥೆ ಅಂತ ಹೇಳುವವರುಂಟು. ಲೆಕ್ಕದವನ ಕಣ್ಣಿಗೆ ಬೇರೆ ಕಾಣುತ್ತದೆ. ಸಾಂಬಾರಿಗೆ ಎಷ್ಟು ಕೊತ್ತಂಬರಿ, ಎಷ್ಟು ಮೆಣಸಿನಕಾಯಿ ಎಂಬ ಅಳತೆ ಆ ಅಡುಗೆಮನೆಯಲ್ಲಿ ಮೊದಲೇ ಇತ್ತು. ಎರಡನೇ ಕಸುಬು ಮೊದಲನೆಯದರ ಹೊಟ್ಟೆಯಲ್ಲೇ ಇತ್ತು. ಲಾಕ್‌ಡೌನಿನಲ್ಲಿ ಬಟ್ಟೆ ಅಂಗಡಿಯವರು, ಫ್ಯಾನ್ಸಿ ಸ್ಟೋರಿನವರು ಸ್ಯಾನಿಟೈಸರ್ ಮಾರಲು ಹೊರಟದ್ದು ನೆನಪಿದೆಯೇ? ನನ್ನ ಗಿರಾಕಿಯೊಬ್ಬರ ಮನೆ ಅಟ್ಟದಲ್ಲಿ ಇವತ್ತಿಗೂ ಆ ಡಬ್ಬಗಳಿವೆ.

ಮೂರನೇ ಮಾತು ಉದ್ರಿಯದು. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರನ್ನು ನೋಡಿ. ಕೆಲಸ ತುಂಬಾ ಇರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ನಾನು ಪುಸ್ತಕ ಬರೆದ ಒಂದು ಶೆಡ್ಡಿನಲ್ಲಿ ಹತ್ತಕ್ಕೆ ಎಂಟು ಪಾಲು ಕೆಲಸ ಒಂದೇ ಕಂಪನಿಯದು. ಅವರು ಕೆಮ್ಮಿದರೆ ಇವರಿಗೆ ಜ್ವರ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕೆ ಉದ್ಯಮ್ ನೋಂದಣಿ ಬೇಕು. ಬರೀ ಕೊಂಡು ಮಾರುವ ಅಂಗಡಿಯವರಿಗೆ ಈ ರಕ್ಷಣೆ ಇಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಆದರೆ ಕಾಯಿದೆ ಇದೆಯೆಂದು ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಬರುತ್ತದೆಯೇ? ಆ ಶೆಡ್ಡಿನ ಮಾಲೀಕರು ನೋಂದಣಿ ಮಾಡಿಸಿದರು, ದೂರು ಕೊಡಲಿಲ್ಲ. ಪ್ರತಿ ಬಿಲ್ಲಿನ ಮೇಲೂ ಆ ಸಂಖ್ಯೆ ಮತ್ತು "45 ದಿನ" ಎಂದು ಅಚ್ಚು ಹಾಕಿಸಿದರು, ಎರಡು ಚಿಕ್ಕ ಗಿರಾಕಿಗಳನ್ನು ಹೊಸದಾಗಿ ಹಿಡಿದರು. ದೊಡ್ಡ ಕಂಪನಿಯ ಪಾಲು ಅರ್ಧಕ್ಕೆ ಇಳಿಯಲು ಮೂರು ವರ್ಷ ಹಿಡಿಯಿತು. ಲಾಭವೂ ಕಡಿಮೆಯಾಯಿತು, ಅದನ್ನೂ ಹೇಳಬೇಕು. ರಾತ್ರಿ ನಿದ್ದೆ ಬರುತ್ತದೆ ಅಂತಾರೆ.

ದರ್ಶಿನಿ ಯಜಮಾನರು ಏನಾದರು ಅಂತ ಕೇಳುತ್ತೀರಿ. ಬ್ರಾಂಚ್ ಕೈಬಿಟ್ಟರು. ಕಟ್ಟಡದ ಮಾಲೀಕರ ಹತ್ತಿರ ಕೂತು ಎರಡು ತಿಂಗಳ ಬಾಡಿಗೆ ಅರ್ಧಕ್ಕೆ ಇಳಿಸಿಕೊಂಡರು, ಹೆಂಡತಿಯ ಬಳೆ ಅಡವಿಟ್ಟರು, ಭಟ್ಟರನ್ನೂ ಸಪ್ಲೈಯರನ್ನೂ ಬಿಡಲಿಲ್ಲ. ಈಗ ಗಲ್ಲಾದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದಾರೆ, ಪ್ರತಿ ತಿಂಗಳ ಒಂದನೇ ತಾರೀಕು ಪೆನ್ಸಿಲಿನಲ್ಲಿ ದಿನದ ಲೆಕ್ಕ ತಿದ್ದುತ್ತಾರೆ. ಒಮ್ಮೆ 110ಕ್ಕೆ ಹೋಗಿತ್ತು. ಮೊನ್ನೆ ಕಾಫಿಗೆ ಹೋದಾಗ ಇಣುಕಿ ನೋಡಿದೆ: 62. ನಾನು ಬಾಯಿ ತೆರೆಯುವ ಮೊದಲೇ, "ಮಗಳ ಮದುವೆ ರಾಯರೇ, ಬೈಬೇಡಿ" ಅಂದರು.