ಸೊಂಟಕ್ಕೆ ಅರ್ಧ ಕೆ.ಜಿ. ಭಾರ: ಟೆಕ್ಸಾಸ್‌ನಲ್ಲಿ ನಾನು ಪಿಸ್ತೂಲ್ ಹುಡುಕಿದ ಕಥೆ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ನಾನು ತೀರ್ಥಹಳ್ಳಿ ಕಡೆಯವಳು. ಈಗ ಇರೋದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಏಳರಿಂದ ಬೆಳಗ್ಗೆ ಏಳರವರೆಗೆ ಡ್ಯೂಟಿ.

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ದಿನಾ ಜೊತೆಯಲ್ಲಿ ಇಟ್ಕೊಂಡು ಓಡಾಡೋಕೆ ಒಂದು ಸಣ್ಣ ಪಿಸ್ತೂಲ್ ಆರಿಸೋದು ಹೇಗೆ? ಆರು ತಿಂಗಳು ನಾನು ಇದೇ ಪ್ರಶ್ನೆ ಹಿಡ್ಕೊಂಡು ಓಡಾಡಿದೀನಿ.

ಮೊದಲು ನಮ್ಮ ಮನೆ ಕೋವಿ ಬಗ್ಗೆ ಹೇಳ್ತೀನಿ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಅಪ್ಪಯ್ಯನ ಹತ್ರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಒಂಟಿ ನಳಿಗೆ ಕೋವಿ ಇತ್ತು. ಮಂಗ, ಹಂದಿ ಓಡಿಸೋಕೆ. ಚುನಾವಣೆ ಬಂತು ಅಂದ್ರೆ ಅದನ್ನ ಠಾಣೆಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಮತ್ತೆ ತರಬೇಕು. ಕೋವಿ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತೋಟಾ ಎಲ್ಲಿದೆ ಅಂತ ಅಪ್ಪಯ್ಯನಿಗೆ ಮಾತ್ರ ಗೊತ್ತಿತ್ತು. ಅಮ್ಮನಿಗೂ ಗೊತ್ತಿರಲಿಲ್ಲ.

ಹಾಗಾಗಿ ಬಂದೂಕು ಅಂದ್ರೆ ಹೆದರಿ ಓಡೋಳಲ್ಲ ನಾನು. ಆದ್ರೆ ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ತರಕಾರಿ ತರೋಕೆ ಹೋಗ್ತೀನಿ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ.

ಆಗಿದ್ದು ಇಷ್ಟು. ಕಳೆದ ಚಳಿಗಾಲದಲ್ಲಿ ನಮ್ಮ ವಾರ್ಡಿನ ಸಹೋದ್ಯೋಗಿಯೊಬ್ಬಳನ್ನ ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ತಡೆದ. ಗನ್ ತೋರಿಸಿ ಬ್ಯಾಗ್ ಕಿತ್ಕೊಂಡು ಹೋದ. ಅವಳಿಗೆ ಗಾಯ ಏನೂ ಆಗಲಿಲ್ಲ. ಆದ್ರೆ ಎರಡು ವಾರ ಕೆಲಸಕ್ಕೆ ಬರಲಿಲ್ಲ. ಅವಳು ಕಾರ್ ನಿಲ್ಲಿಸಿದ್ದ ಜಾಗಕ್ಕೂ ನನ್ನ ಜಾಗಕ್ಕೂ ನಾಲ್ಕು ಕಾರಿನಷ್ಟು ದೂರ. ವಾಪಸ್ ಬಂದ ದಿನ ಅವಳು ಹೇಳಿದ್ದು: 'ನಾನು ಗನ್ ತಗೋತಿದೀನಿ. ನೀನೂ ಬಾ.'

ಹೋದೆ.

ಕಾನೂನು ಮೊದಲು

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ. ಯಾಕಂದ್ರೆ ಇದನ್ನ ಕೇಳೋರಲ್ಲಿ ಎಚ್-1ಬಿ ವೀಸಾದಲ್ಲಿ ಇರೋರು, ಓದೋಕೆ ಹೋಗೋರು ಇರ್ತೀರಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರೋರು ಸಾಮಾನ್ಯವಾಗಿ ಬಂದೂಕು ಕೊಳ್ಳೋ ಹಾಗಿಲ್ಲ, ಇಟ್ಕೊಳ್ಳೋ ಹಾಗೂ ಇಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಅಷ್ಟೇ. ಗ್ರೀನ್ ಕಾರ್ಡ್ ಇದ್ರೆ ತಗೋಬಹುದು. ನನ್ನ ಹತ್ರ ಇದೆ. ಗೆಳೆಯರು 'ಬಾರೋ, ಶೂಟಿಂಗ್ ರೇಂಜ್‌ಗೆ ಹೋಗೋಣ, ರೀಲ್ಸ್ ಮಾಡೋಣ' ಅಂತ ಕರೆದ್ರೆ, ವೀಸಾದಲ್ಲಿ ಇರೋರು ಮೊದಲು ವಕೀಲರನ್ನ ಕೇಳಿ. ಒಂದು ವಿಡಿಯೋಗೋಸ್ಕರ ವೀಸಾ ಕಳ್ಕೋಬೇಡಿ.

ಅಂಗಡಿಯಲ್ಲಿ ಕೊಳ್ಳುವಾಗ 4473 ಅನ್ನೋ ಫಾರ್ಮ್ ತುಂಬಬೇಕು. ಅದರ ಮೇಲೆ ಹಿನ್ನೆಲೆ ತಪಾಸಣೆ ಆಗತ್ತೆ. ಫಾರ್ಮಿನಲ್ಲಿ ಸುಳ್ಳು ಬರೆದ್ರೆ ಅದೇ ಒಂದು ದೊಡ್ಡ ಅಪರಾಧ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ಆದವರು, ಕಾನೂನಿನ ಅಡ್ಡಿ ಇಲ್ಲದವರು, ಪರವಾನಗಿ ಇಲ್ಲದೇ ಪಿಸ್ತೂಲ್ ಜೊತೆಯಲ್ಲಿ ಇಟ್ಕೊಂಡು ಓಡಾಡಬಹುದು. ಆದ್ರೂ ನಾನು ಲೈಸೆನ್ಸ್ ಕ್ಲಾಸಿಗೆ ಸೇರಿದೆ. ನಾಲ್ಕರಿಂದ ಆರು ಗಂಟೆ ಪಾಠ, ಆಮೇಲೆ 50 ಗುಂಡಿನ ಪರೀಕ್ಷೆ: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಲೈಸೆನ್ಸ್ ಬೇಕೋ ಬೇಡವೋ ಗೊತ್ತಿರಲಿಲ್ಲ, ಪಾಠ ಬೇಕು ಅಂತ ಗೊತ್ತಿತ್ತು.

ಅಲ್ಲಿ ಮೊದಲು ಹೇಳಿಕೊಟ್ಟಿದ್ದು ನಾಲ್ಕು ನಿಯಮ. ಜೆಫ್ ಕೂಪರ್ ಅನ್ನೋ ತರಬೇತುದಾರ ಹೇಳಿ ಹೇಳಿ ಪ್ರಸಿದ್ಧಿಗೆ ತಂದಿದ್ದು ಇವನ್ನ. ಪ್ರತಿ ಬಂದೂಕಲ್ಲೂ ಗುಂಡು ಇದೆ ಅಂತಲೇ ತಿಳ್ಕೊಳ್ಳಿ. ಹಾಳಾಗಬಾರದು ಅನ್ನೋ ಯಾವುದರ ಕಡೆಗೂ ಅದರ ಬಾಯಿ ತಿರುಗಿಸಬೇಡಿ. ಗುರಿ ಇಡೋವರೆಗೂ ಬೆರಳು ಟ್ರಿಗರ್ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಗೊತ್ತಿರಲಿ. ನಮ್ಮ ಅಪ್ಪಯ್ಯ ಕೂಪರ್ ಹೆಸರು ಕೇಳಿದವರಲ್ಲ. ಆದ್ರೆ ಈ ನಾಲ್ಕರಲ್ಲಿ ಮೂರನ್ನ ನನಗೆ ಬೈದು ಬೈದೇ ಕಲಿಸಿದ್ರು.

'ಹೆಂಗಸರಿಗೆ ಇದು ಸರಿ'

ಅಂಗಡಿಗೆ ಹೋದ ತಕ್ಷಣ ಕೌಂಟರ್‌ನಲ್ಲಿದ್ದವನು ಒಂದು ಪುಟ್ಟ ರಿವಾಲ್ವರ್ ತೆಗೆದು ಮುಂದಿಟ್ಟ. ಐದು ಗುಂಡಿನದು. 'ಹೆಂಗಸರು ಇದನ್ನೇ ಇಷ್ಟಪಡ್ತಾರೆ' ಅಂದ. ಮುದ್ದಾಗಿತ್ತು, ಸುಳ್ಳು ಹೇಳಲ್ಲ.

ಪುಣ್ಯಕ್ಕೆ ಅವತ್ತೇ ತಗೊಳ್ಳಲಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆದು ನೋಡಿದೆ. ಆಗ ತಿಳೀತು, ಚಿಕ್ಕ ಗನ್ ಅಂದ್ರೆ ಸುಲಭದ ಗನ್ ಅಲ್ಲ. ಗುಂಡಿನ ಜೋರು ಅಷ್ಟೇ ಇದ್ದು ಗನ್ ಹಗುರ ಆದಷ್ಟೂ ಅದು ಕೈಗೆ ಒದೆಯೋದು ಜಾಸ್ತಿ. ಪಿಯುಸಿ ಫಿಸಿಕ್ಸ್ ಓದಿದವರಿಗೆ ಗೊತ್ತಿರತ್ತೆ. ಆ ಪುಟ್ಟ ರಿವಾಲ್ವರ್‌ನ ಟ್ರಿಗರ್ ಎಳೆಯೋಕೆ ಸುಮಾರು 5 ಕೆ.ಜಿ. ಬಲ ಬೇಕು. ನಾಲ್ಕನೇ ಗುಂಡಿಗೆ ಕೈ ನಡುಗ್ತಿತ್ತು. ಬಿದ್ದ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ.

ಆಮೇಲೆ ಗ್ಲಾಕ್ 19 ಹಿಡಿದೆ. 1988ರಿಂದ ಇರೋ ಮಾಡೆಲ್ ಇದು, 15 ಗುಂಡು ಹಿಡಿಯತ್ತೆ, ಖಾಲಿ ಮ್ಯಾಗಜಿನ್ ಸೇರಿ ಸುಮಾರು 670 ಗ್ರಾಂ. ಕಾಂಪ್ಯಾಕ್ಟ್ ಪಿಸ್ತೂಲ್ ಅಂದ್ರೆ ಬಹಳ ಜನ ಇದನ್ನೇ ಅಳತೆಗೋಲು ಮಾಡ್ಕೊಂಡಿದಾರೆ. ಹೊಡೆಯೋಕೆ ತುಂಬ ಆರಾಮ. ಆದ್ರೆ ಐದಡಿ ಎರಡಂಗುಲದ ನನ್ನ ಸೊಂಟದಲ್ಲಿ ಅದು ಟಾಪ್ ಒಳಗೆ ತೆಂಗಿನಕಾಯಿ ಬಚ್ಚಿಟ್ಟ ಹಾಗೆ ಕಾಣ್ತಿತ್ತು.

ಈ ಎರಡರ ನಡುವೆ ಇನ್ನೊಂದು ವರ್ಗ ಇದೆ. ಮೊದಲೆಲ್ಲ ತೆಳ್ಳಗಿನ ಪಿಸ್ತೂಲ್ ಬೇಕಂದ್ರೆ ಗುಂಡು ಒಂದೇ ಸಾಲಲ್ಲಿ ಕೂರಬೇಕಿತ್ತು. 2015ರಲ್ಲಿ ಬಂದ ಗ್ಲಾಕ್ 43ರ ಮ್ಯಾಗಜಿನ್‌ನಲ್ಲಿ ಆರೇ ಗುಂಡು. 2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ತಂತು. ಮ್ಯಾಗಜಿನ್ ಒಳಗೆ ಗುಂಡುಗಳನ್ನ ಸ್ವಲ್ಪ ಆಚೀಚೆ, ಮಲ್ಲಿಗೆ ದಂಡೆಯಲ್ಲಿ ಹೂ ಜೋಡಿಸಿದ ಹಾಗೆ ಕೂರಿಸಿ, ಹೆಚ್ಚುಕಮ್ಮಿ ಅದೇ ಗಾತ್ರದಲ್ಲಿ ಹತ್ತು ಹಿಡಿಸಿದ್ರು. ತೂಕ ಸುಮಾರು ಅರ್ಧ ಕೆ.ಜಿ. ಉಳಿದ ಕಂಪನಿಗಳೂ ಅದೇ ದಾರಿಗೆ ಬಂದವು. ಬೆಲೆ ಸುಮಾರು 500 ಡಾಲರ್.

ಗುಂಡಿನ ಅಳತೆ ಬಗ್ಗೆ ನನ್ನ ತಲೆ ಕೆಡಲಿಲ್ಲ. 9 ಎಂಎಂ ಅಂತ ಬೇಗ ತೀರ್ಮಾನ ಆಯ್ತು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನ ಕಳ್ಕೊಂಡ ಮೇಲೆ ಎಫ್‌ಬಿಐ ದೊಡ್ಡ ಗುಂಡುಗಳ ಹಿಂದೆ ಹೋಗಿತ್ತು. ಮೂರು ದಶಕ ಆದ್ಮೇಲೆ ಮತ್ತೆ 9 ಎಂಎಂಗೇ ವಾಪಸ್ ಬಂತು. ಸರಿಯಾದ ಜಾಗಕ್ಕೆ ಬಿದ್ದ ಸಣ್ಣ ಗುಂಡು, ತಪ್ಪಿಹೋದ ದೊಡ್ಡ ಗುಂಡಿಗಿಂತ ಮೇಲು. ಭಾರತದಲ್ಲಿ ಕೇಳೋರಿಗೆ: ನಮ್ಮಲ್ಲಿ 9 ಎಂಎಂ ನಾಗರಿಕರಿಗೆ ನಿಷಿದ್ಧ. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಂಗಸರಿಗೆ ಅಂತ 'ನಿರ್ಭೀಕ್' ರಿವಾಲ್ವರ್ ಮಾಡಿತ್ತಲ್ಲ, ಅದು .32. ತೂಕ ಅದೂ ಅರ್ಧ ಕೆ.ಜಿ., ಬೆಲೆ ಆಗ 1.22 ಲಕ್ಷ ರೂಪಾಯಿ.

ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಇಝೀ ಕೂಡ ನೋಡಿದೆ. ಮೇಲಿನ ಸ್ಲೈಡ್ ಹಿಂದಕ್ಕೆ ಎಳೆಯೋಕೆ ಕೈಯಲ್ಲಿ ಶಕ್ತಿ ಕಡಿಮೆ ಇರೋರಿಗೆ ಅಂತಲೇ ಮಾಡಿದ್ದು. ಸಂಧಿವಾತ ಇರೋರಿಗೆ, ವಯಸ್ಸಾದವರಿಗೆ ಇದು ಗೊತ್ತಿರಲಿ.

ಕೊನೆಗೆ ನನ್ನ ಕೈಗೆ ಕೂತಿದ್ದು ಪಿ365. ಕಿರುಬೆರಳಿಗೂ ಹಿಡಿತ ಸಿಗೋ ಉದ್ದದ ಮ್ಯಾಗಜಿನ್ ಹಾಕಿ, 7 ಗಜದಿಂದ ಹೊಡೆದ ಗುಂಡುಗಳೆಲ್ಲ ನನ್ನ ಅಂಗೈ ಅಗಲದಲ್ಲಿ ಬಿದ್ದವು. ಖುಷಿ ಆಯ್ತು. ಆಯ್ಕೆ ಮುಗೀತು ಅಂದ್ಕೊಂಡೆ.

ಇಡೋದು ಎಲ್ಲಿ?

ನರ್ಸ್‌ಗಳ ಸ್ಕ್ರಬ್ಸ್ ನೋಡಿದೀರಲ್ಲ? ಪ್ಯಾಂಟಿಗೆ ಲಾಡಿ. ಬೆಲ್ಟ್ ಇಲ್ಲ. ಅರ್ಧ ಕೆ.ಜಿ. ಸಿಕ್ಕಿಸಿದ್ರೆ ಪ್ಯಾಂಟೇ ಜಾರತ್ತೆ. ನಗಬೇಡಿ, ಮನೆಯಲ್ಲಿ ಪ್ಲಾಸ್ಟಿಕ್ ಮಾದರಿ ಕಟ್ಕೊಂಡು ಪರೀಕ್ಷೆ ಮಾಡಿದೀನಿ.

ಹಾಗಾದ್ರೆ ಹ್ಯಾಂಡ್‌ಬ್ಯಾಗ್? 2014ರ ಡಿಸೆಂಬರ್‌ನಲ್ಲಿ ಐಡಹೊ ರಾಜ್ಯದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಎರಡು ವರ್ಷದ ಮಗು ಅಮ್ಮನ ಬ್ಯಾಗಿಗೆ ಕೈಹಾಕಿ ಪಿಸ್ತೂಲ್ ತೆಗೆಯಿತು. ಗುಂಡು ಹಾರಿತು. ಅಮ್ಮ ಅಲ್ಲೇ ಸತ್ತಳು. ಆ ಬ್ಯಾಗ್ ಪಿಸ್ತೂಲ್ ಇಡೋಕೆ ಅಂತಲೇ ಮಾಡಿದ್ದು. ನನ್ನ ಮಗಳಿಗೆ ಐದು ವರ್ಷ. ನನ್ನ ಬ್ಯಾಗಿನಲ್ಲಿ ಚಾಕೊಲೇಟ್ ಹುಡುಕೋದು ಅವಳ ದಿನದ ಕೆಲಸ. ಜೊತೆಗೆ, ನನ್ನ ಸಹೋದ್ಯೋಗಿಯಿಂದ ಕಳ್ಳ ಕಿತ್ಕೊಂಡಿದ್ದು ಏನು? ಬ್ಯಾಗ್!

ಆಮೇಲೆ ಆಸ್ಪತ್ರೆ. ಬಾಗಿಲಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ದೊಡ್ಡ ಬೋರ್ಡ್: ಟೆಕ್ಸಾಸ್ ದಂಡಸಂಹಿತೆಯ 30.06ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್ ಇದ್ರೂ ಬಚ್ಚಿಟ್ಟ ಗನ್ ಒಳಗೆ ತರಬಾರದು. ಬೀಗ ಹಾಕಿದ ಕಾರಿನಲ್ಲಿ ಇಡೋದಕ್ಕೆ ರಾಜ್ಯದ ಕಾನೂನು ನೌಕರರಿಗೆ ಅವಕಾಶ ಕೊಡತ್ತೆ. ಅಂದ್ರೆ ಹನ್ನೆರಡು ಗಂಟೆ ಅದು ಕಾರಿನಲ್ಲಿ, ಅದೇ ಕತ್ತಲ ಪಾರ್ಕಿಂಗ್‌ನಲ್ಲಿ. ಅಮೆರಿಕದಲ್ಲಿ ಕಳ್ಳರ ಕೈಗೆ ಗನ್ ಸಿಗೋ ದೊಡ್ಡ ದಾರಿಗಳಲ್ಲಿ ಕಾರು ಒಂದು. ನನಗೆ ಭಯ ಇರೋದು ಕಾರಿನಿಂದ ಆಸ್ಪತ್ರೆ ಬಾಗಿಲವರೆಗಿನ ಎಂಟು ನಿಮಿಷ. ಆ ಎಂಟು ನಿಮಿಷ ಗನ್ ನನ್ನ ಜೊತೆ ಇರಲ್ಲ.

ನನ್ನ ಗಂಡ ಬೇಡ ಅನ್ನಲಿಲ್ಲ. ಒಂದೇ ಕೇಳಿದ್ರು: 'ದಿನದಲ್ಲಿ ಎಷ್ಟು ನಿಮಿಷ ಅದು ನಿನ್ನ ಕೆಲಸಕ್ಕೆ ಬರತ್ತೆ, ಎಷ್ಟು ಗಂಟೆ ಈ ಮನೇಲಿ ಇರತ್ತೆ?'

ಆ ರಾತ್ರಿ ಲೆಕ್ಕ ಹಾಕಿದೆ. ಅಮೆರಿಕದಲ್ಲಿ 2020ರಿಂದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಅತಿ ದೊಡ್ಡ ಕಾರಣ ಬಂದೂಕು, ರಸ್ತೆ ಅಪಘಾತಕ್ಕಿಂತ ಮೇಲೆ. ಬಂದೂಕಿನಿಂದ ಆಗೋ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ನರ್ಸ್ ಆಗಿ ಇದು ನನಗೆ ಗೊತ್ತಿತ್ತು. ಆದ್ರೆ ನನ್ನ ಮನೆಗೂ ಇದು ಅನ್ವಯ ಆಗತ್ತೆ ಅಂತ ಯೋಚನೆ ಮಾಡಿರಲಿಲ್ಲ.

ಇದನ್ನ ಹೇಳಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಹೇಳ್ತೀನಿ. ಮಗಳು ಹುಟ್ಟಿದ ಮೇಲೆ ನಾಲ್ಕು ತಿಂಗಳು ನಾನು ಸರಿ ಇರಲಿಲ್ಲ. ಬದುಕೋದು ಬೇಡ ಅನ್ನಿಸಿದ ರಾತ್ರಿಗಳು ಇದ್ದವು. ಗಂಡ ಡಾಕ್ಟರ ಹತ್ರ ಕರ್ಕೊಂಡು ಹೋದ್ರು, ವಾಸಿ ಆಯ್ತು. ಆ ನಾಲ್ಕು ತಿಂಗಳು ಈ ಮನೆಯಲ್ಲಿ ಪಿಸ್ತೂಲ್ ಇರಲಿಲ್ಲ. ಇದ್ದಿದ್ರೆ ಅದರ ಕೀಲಿ ನನ್ನ ಹತ್ರಾನೇ ಇರ್ತಿತ್ತು.

ಮಾರನೇ ದಿನ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಪಿಸ್ತೂಲ್ ವಿಷಯ ಹೇಳಿದೆ. ಎಷ್ಟು ಗುಂಡು, ಯಾವ ಕಂಪನಿ, ಏನೂ ಕೇಳಲಿಲ್ಲ. 'ಬೀಗ ಎಲ್ಲಿ ಹಾಕ್ತೀಯೇ? ಕೀಲಿ ಯಾರ ಕೈಲಿ?' ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ.

ಎಲ್ಲಿಗೆ ಬಂತು?

ನನ್ನ ಸಹೋದ್ಯೋಗಿ ಪಿ365 ತಗೊಂಡ್ಲು. ಅವಳ ಲೆಕ್ಕ ಬೇರೆ. ಒಬ್ಬಳೇ ಇರ್ತಾಳೆ, ಮಕ್ಕಳಿಲ್ಲ, ವಾರಕ್ಕೊಮ್ಮೆ ಅಭ್ಯಾಸ ಮಾಡ್ತಾಳೆ, ನೆಲಕ್ಕೆ ಬೋಲ್ಟ್ ಹಾಕಿದ ಪುಟ್ಟ ಲಾಕರ್ ಇದೆ. ಆಸ್ಪತ್ರೆಗೆ ತರಲ್ಲ. ಅವಳ ನಿರ್ಧಾರ ತಪ್ಪು ಅಂತ ನಾನು ಹೇಳಲ್ಲ.

ನಾನು ತಗೊಳ್ಳಲಿಲ್ಲ. ಸದ್ಯಕ್ಕೆ. ಅದರ ಬದಲು ನಾವು ಎಂಟು ಜನ ನರ್ಸ್‌ಗಳು ಸೇರಿ ಆಡಳಿತಕ್ಕೆ ಪತ್ರ ಬರೆದ್ವಿ. ಈಗ ಶಿಫ್ಟ್ ಮುಗಿದಾಗ ಕರೆದ್ರೆ ಗಾರ್ಡ್ ಕಾರಿನವರೆಗೂ ಬರ್ತಾರೆ. ಮೂರನೇ ಮಹಡಿಯ ಕೆಟ್ಟುಹೋದ ಲೈಟುಗಳನ್ನ ಬದಲಾಯಿಸಿದಾರೆ. ಭಯ ಪೂರ್ತಿ ಹೋಯ್ತಾ? ಇಲ್ಲ. ಈಗಲೂ ಕಾರಿನ ಹಿಂದಿನ ಸೀಟ್ ನೋಡಿಯೇ ಬಾಗಿಲು ತೆಗೀತೀನಿ.

ಅಮೆರಿಕದಲ್ಲಿ ಇದ್ದು, ಕಾನೂನಿನ ಹಕ್ಕೂ ಇದ್ದು ತಗೊಳ್ಳೋಕೆ ಹೊರಟಿರೋರಿಗೆ ನನ್ನ ಅನುಭವ ಇಷ್ಟು. ಬಾಡಿಗೆಗೆ ಹೊಡೆದು ನೋಡದೇ ಕೊಳ್ಳಬೇಡಿ. ಅಂಗಡಿಯವನ 'ಹೆಂಗಸರಿಗೆ ಸರಿ' ಅನ್ನೋ ಮಾತು ನಂಬಬೇಡಿ, ನಿಮ್ಮ ಕೈ ಹೇಳೋದು ಕೇಳಿ. ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್‌ಗೆ ಗನ್ನಿಗಿಂತ ಮೊದಲು ದುಡ್ಡು ತೆಗೆದಿಡಿ. ನೀವು ದಿನಾ ಹಾಕೋ ಬಟ್ಟೆ, ದಿನಾ ಹೋಗೋ ಜಾಗ, ಅಲ್ಲಿನ ನಿಯಮ ಬರೆದು ನೋಡಿ. ಎಲ್ಲದಕ್ಕಿಂತ ಮೊದಲು ಅಪ್ಪಯ್ಯನ ಪ್ರಶ್ನೆಗೆ ಉತ್ತರ ಹುಡುಕಿ: ಬೀಗ ಎಲ್ಲಿ, ಕೀಲಿ ಯಾರ ಕೈಲಿ?

ಕೇಳ್ತಾ ಇರೋರಲ್ಲಿ ಯಾರಿಗಾದ್ರೂ ನನ್ನ ಆ ನಾಲ್ಕು ತಿಂಗಳಂಥ ದಿನಗಳು ನಡೀತಾ ಇದ್ರೆ, ಒಬ್ಬರೇ ಇರಬೇಡಿ. ಭಾರತದಲ್ಲಿ ಟೆಲಿ-ಮಾನಸ್ ನಂಬರ್ 14416, ಅಮೆರಿಕದಲ್ಲಿ 988. ಹೊತ್ತಲ್ಲದ ಹೊತ್ತಲ್ಲೂ ಫೋನ್ ಎತ್ತುತ್ತಾರೆ.

ಇನ್ನು ಒಂದು ಗಂಟೆಗೆ ನನ್ನ ಡ್ಯೂಟಿ. ಮಗಳು ಆಗಲೇ ಬ್ಯಾಗ್ ತಡಕಾಡ್ತಾ ಇದಾಳೆ. ಹೊರಡ್ತೀನಿ, ನಮಸ್ಕಾರ.