ತಪಾಸಣೆ ಯಾರಿಗಾಗಿ?

ನಾನು ಸರ್ಕಾರಿ ಎಂಜಿನಿಯರ್ ಆಗಿ ರಸ್ತೆ, ಮೋರಿ ಕಟ್ಟಿಸಿ ನಿವೃತ್ತನಾದವನು. ವೈದ್ಯನಲ್ಲ. ಆದರೂ ಇಂದು ವೈದ್ಯರ ಮೇಲಿನ ಉಸ್ತುವಾರಿ ಕುರಿತು ಮಾತನಾಡುತ್ತೇನೆ. ಈ ಭಾಗದಲ್ಲೇ 30 ವರ್ಷದಿಂದ ಸಣ್ಣ ಕ್ಲಿನಿಕ್ ನಡೆಸುತ್ತಿರುವ ನನ್ನ ವೈದ್ಯಮಿತ್ರರು ಮೊನ್ನೆ, "ಇನ್ನು ಬಾಗಿಲು ಹಾಕುತ್ತೇನೆ" ಎಂದರು.

ನಮ್ಮಿಬ್ಬರ ಜಗಳ ಹಳೆಯದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದರು. ಚಿಕಿತ್ಸೆಗೆ ದರ ನಿಗದಿ, ಜಿಲ್ಲೆಗೊಂದು ದೂರು ಸಮಿತಿ, ತಪ್ಪಿದರೆ ಜೈಲು ಎಂಬ ಮಾತು ಬಂತು. ಆ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ಕೊನೆಗೆ ಸರ್ಕಾರ ಮಸೂದೆಯನ್ನು ಸಡಿಲಿಸಿ ಅಂಗೀಕರಿಸಿತು.

ನಾನು ಕಾಯ್ದೆಯ ಪರ ಇದ್ದೆ. ಅದಕ್ಕೆ ಮೊದಲೇ ನಮ್ಮಣ್ಣ ಲಿಂಗೈಕ್ಯರಾದಾಗ, ಬಾಕಿ ಕಟ್ಟುವ ತನಕ ಒಂದು ಆಸ್ಪತ್ರೆಯವರು ಶವ ಕೊಟ್ಟಿರಲಿಲ್ಲ. ಬಿಲ್ಲಿಗಾಗಿ ಶವ ತಡೆಯಬಾರದು, ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳಬಾರದು ಎಂದು ತಿದ್ದುಪಡಿ ಹೇಳಿತು. ಇದರಲ್ಲಿ ತಪ್ಪೇನಿದೆ?

ಮಿತ್ರರೂ ಅದನ್ನು ತಪ್ಪೆನ್ನಲಿಲ್ಲ. ಅವರ ಪ್ರಶ್ನೆ ಬೇರೆ. "ಕಾಯ್ದೆ ಖಾಸಗಿಗೆ ಮಾತ್ರ ಏಕೆ? ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಲ್ಲದೆ ಸತ್ತರೆ ಯಾರು ಹೊಣೆ? ತಪಾಸಣೆಗೆ ಬಂದವರು ಫಲಕ ನೋಡುತ್ತಾರೆ, ರಿಜಿಸ್ಟರ್ ನೋಡುತ್ತಾರೆ. ಹೊರಗೆ ಕುಳಿತ ಒಬ್ಬ ರೋಗಿಯನ್ನೂ ಮಾತನಾಡಿಸುವುದಿಲ್ಲ. ದೊಡ್ಡ ಆಸ್ಪತ್ರೆ ಕಾಗದಕ್ಕೆಂದೇ ಗುಮಾಸ್ತರನ್ನು ಇಟ್ಟುಕೊಳ್ಳುತ್ತದೆ. ನಾನು ನಾಡಿ ಹಿಡಿಯಲೋ, ಪೆನ್ನು ಹಿಡಿಯಲೋ?"

ಈ ಮಾತು ನನ್ನನ್ನು ಚುಚ್ಚಿತು. ನನ್ನ ಸೇವೆಯಲ್ಲೂ ಅಳತೆ ಪುಸ್ತಕ ಅಚ್ಚುಕಟ್ಟಾಗಿದ್ದು, ಮೊದಲ ಮಳೆಗೇ ಮೋರಿ ಕೊಚ್ಚಿಹೋದದ್ದುಂಟು. ಆ ಪುಸ್ತಕದಲ್ಲಿ ನನ್ನ ಸಹಿಯೂ ಇತ್ತು. ಕಾಗದ ಸರಿಯಿದ್ದರೆ ಕೆಲಸವೂ ಸರಿಯಿದೆ ಎಂದು ನಂಬುವುದು ಎಷ್ಟು ಸುಲಭವೆಂದು ನಾನು ಬಲ್ಲೆ.

ಇಲ್ಲಿಯ ಪರಿಸ್ಥಿತಿ ಯೋಚಿಸಿ. ಅವರು ಬಾಗಿಲು ಹಾಕಿದರೆ ರಾತ್ರಿ ಎದೆನೋವು ಬಂದವರು ಎಲ್ಲಿಗೆ ಹೋಗಬೇಕು? ಮಂಜಿನಲ್ಲಿ ಚಾರ್ಮಾಡಿ ಇಳಿದು ಮಂಗಳೂರಿಗೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೂ ಮುಚ್ಚಿತ್ತು. ಬೆಂಗಳೂರಿನಲ್ಲಿ ಬರೆದ ನಿಯಮಕ್ಕೆ ಈ ಘಾಟಿ ಕಾಣುವುದಿಲ್ಲ.

ಹಾಗೆಂದು ಉಸ್ತುವಾರಿಯೇ ಬೇಡ ಎಂಬ ಮಿತ್ರರ ಮಾತನ್ನು ನಾನು ಒಪ್ಪಲಾರೆ. ಎಲ್ಲರಿಗೂ ಅಂತಃಸಾಕ್ಷಿ ಇದ್ದಿದ್ದರೆ ಅಣ್ಣನ ಶವಕ್ಕಾಗಿ ನಾನು ಸಾಲ ಎತ್ತಬೇಕಿರಲಿಲ್ಲ. ಆದರೆ ತೂಕದ ಕಲ್ಲು ಒಂದೇ ಇರಲಿ, ಸರ್ಕಾರಿಗೂ ಖಾಸಗಿಗೂ. ತಪಾಸಣೆ ರೋಗಿಯ ಮಾತಿನಿಂದ ಶುರುವಾಗಲಿ.

ನಮ್ಮ ಪಾಲಿನ ಕೆಲಸವೂ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂದೊಂದಿದೆ. ನಮ್ಮ ಆಸ್ಪತ್ರೆಯ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ಖಾಲಿ ಹುದ್ದೆ ಎಷ್ಟು? ನಾನೂ ಈತನಕ ಕೇಳಿರಲಿಲ್ಲ. ಬರುವ ಸೋಮವಾರ ಹೋಗಿ ಕೇಳುತ್ತೇನೆ. ಜೊತೆಗೆ ನಾಲ್ವರು ಬಂದರೆ ಸಾಕು. ವೈದ್ಯಮಿತ್ರರನ್ನೂ ಕರೆದಿದ್ದೇನೆ. "ಅಲ್ಲಿಯ ತನಕ ಬಾಗಿಲು ಹಾಕುವುದಿಲ್ಲ" ಎಂದಿದ್ದಾರೆ.