ರೋಚಕ ಕಾದಂಬರಿಗಳು ಮತ್ತು ಅವುಗಳ ಚಿತ್ರರೂಪ



ಪುಸ್ತಕ ಓದಿ ಆಮೇಲೆ ಅದರ ಸಿನಿಮಾ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಪುಸ್ತಕದಷ್ಟು ಸಿನಿಮಾ ಚೆನ್ನಾಗಿಲ್ಲ. ಗಂಭೀರ ಸಾಹಿತ್ಯದ ಮಟ್ಟಿಗೆ ಇದು ನಿಜವಿರಬಹುದು. ಆದರೆ ಸಿದ್ಧಸೂತ್ರ ಹಿಡಿದು ಬರೆಯುವ ರೋಚಕ ಕಾದಂಬರಿಗಳಲ್ಲಿ ಕಳೆದುಕೊಳ್ಳುವುದಕ್ಕಾದರೂ ಏನಿದೆ ಎಂದು ನೀವು ಕೇಳಬಹುದು. ಅಮೆರಿಕದ ಜಾನ್ ಗ್ರಿಶಮ್ ಅವರ ಎರಡು ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ನೋಡೋಣ.

ಗ್ರಿಶಮ್ ಸ್ವತಃ ವಕೀಲರಾಗಿದ್ದವರು. ಅವರ ಸೂತ್ರ ಓದುಗರಿಗೆಲ್ಲ ಪರಿಚಿತ. ಒಬ್ಬ ತರುಣ ವಕೀಲ, ಎದುರಿಗೆ ಹಣಬಲದ ಸಂಸ್ಥೆ, ಕೈಯಲ್ಲಿ ಗುಟ್ಟಿನ ಕಡತ, ಬೆನ್ನ ಹಿಂದೆ ಬೇಹುಗಾರರು. 1991ರಲ್ಲಿ ಬಂದ 'ದಿ ಫರ್ಮ್' ಕೂಡ ಹೀಗೆಯೇ. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಮಿಚ್ ದೊಡ್ಡ ಸಂಬಳದ ಆಸೆಗೆ ಮೆಂಫಿಸ್ ನಗರದ ವಕೀಲ ಸಂಸ್ಥೆಯೊಂದನ್ನು ಸೇರುತ್ತಾನೆ. ಅದು ಮಾಫಿಯಾದ ಕಪ್ಪುಹಣವನ್ನು ಬಿಳಿ ಮಾಡುವ ಜಾಗವೆಂದು ಆಮೇಲೆ ತಿಳಿಯುತ್ತದೆ. ಎಫ್.ಬಿ.ಐ. ದಾಖಲೆ ಕೇಳುತ್ತದೆ. ಕೊಟ್ಟರೆ ಕಕ್ಷಿದಾರರ ಗುಟ್ಟು ಬಯಲಾಗಿ ವಕೀಲಿಕೆ ಹೋಗುತ್ತದೆ, ಜೀವವೂ ಹೋಗಬಹುದು.

ಕಾದಂಬರಿಯ ಮಿಚ್ ದಾಖಲೆಗಳನ್ನು ಒಪ್ಪಿಸುತ್ತಾನೆ, ಸಂಸ್ಥೆಯ ಹಣವನ್ನೂ ಲಪಟಾಯಿಸುತ್ತಾನೆ. ಕೊನೆಗೆ ಹೆಂಡತಿ ಮತ್ತು ಅಣ್ಣನೊಂದಿಗೆ ಕೆರಿಬಿಯನ್ ದ್ವೀಪಗಳಲ್ಲಿ ತಲೆಮರೆಸಿಕೊಂಡು ಬದುಕುತ್ತಾನೆ. 1993ರಲ್ಲಿ ಸಿಡ್ನಿ ಪೊಲಾಕ್ ನಿರ್ದೇಶಿಸಿದ ಚಿತ್ರದ ಮಿಚ್ ಇಂಥದೇನನ್ನೂ ಮಾಡುವುದಿಲ್ಲ. ಸಂಸ್ಥೆ ಕಕ್ಷಿದಾರರಿಗೆ ಸುಳ್ಳು ಲೆಕ್ಕದ ಬಿಲ್ಲುಗಳನ್ನು ಅಂಚೆಯಲ್ಲಿ ಕಳಿಸುತ್ತಿರುವುದನ್ನು ಪತ್ತೆ ಹಚ್ಚುತ್ತಾನೆ. ಅಂಚೆ ಮೂಲಕ ವಂಚಿಸುವುದು ಅಲ್ಲಿ ಕೇಂದ್ರ ಕಾನೂನಿನಡಿ ಅಪರಾಧ. ಆ ಬಿಲ್ಲುಗಳಿಂದಲೇ ಸಂಸ್ಥೆಯನ್ನು ಕೆಡವಿ, ಮಾಫಿಯಾದ ಗುಟ್ಟನ್ನು ಕಾಪಾಡಿ, ವಕೀಲಿಕೆಯನ್ನೂ ಉಳಿಸಿಕೊಳ್ಳುತ್ತಾನೆ.

ಜಾಣ್ಮೆಯಲ್ಲಿ ಚಿತ್ರದ ಮುಕ್ತಾಯವೇ ಮೇಲು. ಆದರೆ ಕಾದಂಬರಿ ಹೇಳಿದ್ದು ಬೇರೆ ಮಾತು: ಆಸೆಪಟ್ಟು ಒಳಹೊಕ್ಕವನು ಹೊರಬರುವಾಗ ಕೈ ಕೊಳೆಯಾಗಿರುತ್ತದೆ. ಟಾಮ್ ಕ್ರೂಸ್ ಅಭಿನಯಿಸಿದ ನಾಯಕನ ಕೈಯನ್ನು ಚಿತ್ರ ತೊಳೆದುಬಿಟ್ಟಿತು.

'ದಿ ರನವೇ ಜ್ಯೂರಿ'ಯ ಬದಲಾವಣೆ ಇನ್ನೂ ದೊಡ್ಡದು. 1996ರ ಕಾದಂಬರಿಯಲ್ಲಿ ಸಿಗರೇಟು ಸೇದಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವನ ಹೆಂಡತಿ ತಂಬಾಕು ಕಂಪನಿಯ ಮೇಲೆ ದಾವೆ ಹೂಡುತ್ತಾಳೆ. 2003ರ ಚಿತ್ರದಲ್ಲಿ ತಂಬಾಕು ಹೋಗಿ ಬಂದೂಕು ಬಂದಿದೆ. ಕಚೇರಿಗೆ ನುಗ್ಗಿದವನ ಗುಂಡಿಗೆ ಸತ್ತವನ ಹೆಂಡತಿ ಬಂದೂಕು ತಯಾರಕರ ಮೇಲೆ ದಾವೆ ಹೂಡುತ್ತಾಳೆ. ತಂಬಾಕು ಕಂಪನಿಗಳ ಕುರಿತ 'ದಿ ಇನ್‌ಸೈಡರ್' ಚಿತ್ರ 1999ರಲ್ಲೇ ಬಂದಾಗಿತ್ತು. ಜ್ಯೂರಿಯನ್ನು ಒಳಗಿನಿಂದಲೇ ಕೈವಶ ಮಾಡಿಕೊಳ್ಳುವ ತಂತ್ರ ಮಾತ್ರ ಎರಡರಲ್ಲೂ ಒಂದೇ. ಅಚ್ಚು ಅದೇ, ಒಳಗೆ ಸುರಿದ ಪಾಕ ಬೇರೆ.

ಆದರೆ ಪಾಕ ಬದಲಾದಾಗ ಪ್ರಶ್ನೆಯೂ ಬದಲಾಯಿತು. ಸಿಗರೇಟು ಹಚ್ಚಿದ್ದು ಸತ್ತವನ ಕೈಯೇ. ಹಾಗಾದರೆ ತಪ್ಪು ಮಾರಿದವನದೋ, ಸೇದಿದವನದೋ? ಕಾದಂಬರಿಯ ಜ್ಯೂರಿಗೂ ಓದುಗರಿಗೂ ಈ ಇಕ್ಕಟ್ಟು ತಪ್ಪಲಿಲ್ಲ. ಗುಂಡೇಟಿಗೆ ಸಿಕ್ಕವನದು ಯಾವ ತಪ್ಪೂ ಇಲ್ಲ. ಆ ಕಷ್ಟದ ಪ್ರಶ್ನೆ ಚಿತ್ರದಲ್ಲಿ ಏಳುವುದೇ ಇಲ್ಲ.

ಎರಡು ಗಂಟೆಯ ಆಟದಲ್ಲಿ ಪ್ರೇಕ್ಷಕ ಯಾರ ಪರ ಎಂಬುದು ಬೇಗ ಇತ್ಯರ್ಥವಾಗಬೇಕು. ಆದ್ದರಿಂದ ಸಿನಿಮಾದವರನ್ನು ದೂರಬೇಕಾಗಿಲ್ಲ. ಆದರೆ ಮುಂದೆ ಇಂಥ ಪುಸ್ತಕವನ್ನೂ ಅದರ ಚಿತ್ರವನ್ನೂ ಹೋಲಿಸುವಾಗ, ಯಾವ ದೃಶ್ಯ ಬಿಟ್ಟುಹೋಯಿತು ಎಂದಷ್ಟೇ ನೋಡಬೇಡಿ. ಯಾರ ತಪ್ಪು ಬಿಟ್ಟುಹೋಯಿತು ಎಂಬುದನ್ನೂ ಗಮನಿಸಿ. ಕಾಲಹರಣಕ್ಕೆಂದು ಕೈಗೆತ್ತಿಕೊಂಡ ಪುಸ್ತಕದಲ್ಲೂ ಚಿಂತನೆಗೆ ಯೋಗ್ಯವಾದದ್ದು ಇತ್ತೆಂದು ಆಗ ನಿಮಗೇ ತಿಳಿಯುತ್ತದೆ.